ಬ್ರೇಕಿನಲ್ಲಿ ಕಳೆಯುವ ಪೆಟ್ರೋಲು: ಚಾಲನಾ ರೂಢಿ ಮತ್ತು ಕಾರಿನ ಇಂಧನ ಬಳಕೆ

ಕಾರು ಕೊಳ್ಳಲು ಹೋದವರು ಬೆಲೆಯ ಬೆನ್ನಿಗೇ ಕೇಳುವ ಪ್ರಶ್ನೆ ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂಬುದು. ಅದಕ್ಕೆ ಸಿಗುವ ಅಂಕಿ ರಸ್ತೆಯಲ್ಲಿ ಹುಟ್ಟಿದ್ದಲ್ಲ. ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಗಳಲ್ಲಿ ಕಾರನ್ನು ರೋಲರುಗಳ ಮೇಲೇರಿಸಿ, ‘ಪರಿಷ್ಕೃತ ಭಾರತೀಯ ಚಾಲನಾ ಚಕ್ರ’ ಎಂಬ ವೇಳಾಪಟ್ಟಿಯಂತೆ 1180 ಸೆಕೆಂಡು ಓಡಿಸಿ ಅದನ್ನು ಪಡೆಯುತ್ತಾರೆ. ಯಾವ ಸೆಕೆಂಡಿಗೆ ಯಾವ ವೇಗ, ಎಲ್ಲಿ ಗೇರು ಬದಲಾವಣೆ, ಎಲ್ಲಿ ನಿಲುಗಡೆ ಎಲ್ಲವೂ ಮೊದಲೇ ಗೊತ್ತುಮಾಡಿದ್ದು. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಓಡಿಸುವವರ ಸ್ವಭಾವಕ್ಕೆ ಅಲ್ಲಿ ಜಾಗವಿಲ್ಲ. ಎರಡು ಮಾದರಿಗಳನ್ನು ಹೋಲಿಸಿ ನೋಡಲು ಇದೇ ಸರಿಯಾದ ಕ್ರಮ. ಆದರೆ ಒಂದೇ ಮಾದರಿಯ ಎರಡು ಕಾರು ಇಬ್ಬರ ಕೈಯಲ್ಲಿ ಬೇರೆ ಬೇರೆ ಮೈಲೇಜ್ ಕೊಡುವುದು ಏಕೆ ಎಂಬ ಪ್ರಶ್ನೆಗೆ ಈ ಪರೀಕ್ಷೆಯಿಂದ ಉತ್ತರ ಸಿಗಲಾರದು.

ಪ್ರಸ್ತುತ ಲೇಖನ ಎತ್ತಿಕೊಂಡಿರುವುದು ಆ ಪ್ರಶ್ನೆಯನ್ನೇ. ಇಂಧನ ಉಳಿಸಬೇಕೆನ್ನುವವರಿಗೆ ನಮ್ಮಲ್ಲಿ ವಾಡಿಕೆಯಾಗಿ ಸಿಗುವ ಬುದ್ಧಿಮಾತು ‘ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ನಿಧಾನವಾಗಿ ಹೋಗಿ’ ಎಂಬುದು. ಹೆದ್ದಾರಿಯ ಮಟ್ಟಿಗೆ ಇದು ನಿಜ. ಊರೊಳಗೆ ಮಾತ್ರ ಇದು ಅರ್ಧ ಸತ್ಯ. ಪೇಟೆಯ ಓಡಾಟದಲ್ಲಿ ಚಾಲಕರ ರೂಢಿಯಿಂದ ಆಗುವ ನಷ್ಟದ ದೊಡ್ಡ ಪಾಲು ಬ್ರೇಕ್ ಪೆಡಲಿನ ಲೆಕ್ಕಕ್ಕೆ ಸೇರುತ್ತದೆ ಎಂಬುದು ಇಲ್ಲಿನ ವಾದ.

ಹಿಂದಿನ ಅಧ್ಯಯನಗಳು ಹೇಳುವುದೇನು?

ಈ ವಿಷಯದಲ್ಲಿ ಅಡಿಪಾಯದಂತಿರುವ ಕೆಲಸ ಸ್ವೀಡನ್ನಿನ ಈವಾ ಎರಿಕ್ಸನ್ ಅವರದು. ವೆಸ್ಟೆರೋಸ್ ನಗರದ ಮಾಮೂಲಿ ಸಂಚಾರದಲ್ಲಿ ದಾಖಲಿಸಿದ ಚಾಲನೆಯ ವಿವರಗಳನ್ನು ಅವರು 62 ಮಾನದಂಡಗಳಲ್ಲಿ ಅಳೆದು, ಅವುಗಳನ್ನು 16 ಸ್ವತಂತ್ರ ಅಂಶಗಳಿಗೆ ಇಳಿಸಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಇಂಧನ ಮತ್ತು ಹೊಗೆಯ ಮೇಲೆ ಗಣನೀಯ ಪರಿಣಾಮ ಬೀರುವುದು ಅವುಗಳಲ್ಲಿ ಒಂಬತ್ತು ಮಾತ್ರ. ನಾಲ್ಕು ಅಂಶಗಳು ವೇಗವರ್ಧನೆ ಮತ್ತು ಎಂಜಿನ್ನಿನಿಂದ ಕೇಳುವ ಶಕ್ತಿಗೆ ಸೇರಿದವು, ಮೂರು ಗೇರು ಬದಲಿಸುವ ಕ್ರಮಕ್ಕೆ, ಉಳಿದೆರಡು ವೇಗದ ಕೆಲವು ಹಂತಗಳಿಗೆ. ಅಂದರೆ ಸರಾಸರಿ ವೇಗವೊಂದನ್ನೇ ಹಿಡಿದುಕೊಂಡು ಇಂಧನದ ಲೆಕ್ಕ ಹಾಕಿದರೆ ಮುಖ್ಯವಾದದ್ದೇ ಕೈತಪ್ಪುತ್ತದೆ.

ನಷ್ಟದ ಪ್ರಮಾಣವನ್ನು ಅಳೆದವರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಮುಖ್ಯರು. ಅಲ್ಲಿನ ಇಂಧನ ಇಲಾಖೆ ಈಗ ನಾಗರಿಕರಿಗೆ ಕೊಡುವ ಮಾಹಿತಿಯಂತೆ, ಆವೇಶದ ಚಾಲನೆಯಿಂದ ಹೆದ್ದಾರಿಯಲ್ಲಿ ಮೈಲೇಜ್ ಶೇ. 15ರಿಂದ 30ರಷ್ಟೂ, ನಿಂತು ನಿಂತು ಸಾಗುವ ಸಂಚಾರದಲ್ಲಿ ಶೇ. 10ರಿಂದ 40ರಷ್ಟೂ ಇಳಿಯಬಹುದು. ಎರಡನೆಯ ವ್ಯಾಪ್ತಿ ಅಷ್ಟು ಅಗಲವಾಗಿರುವುದನ್ನು ಗಮನಿಸಬೇಕು. ನಮ್ಮ ಊರುಗಳಿಗೆ ಸಂಬಂಧಪಟ್ಟದ್ದು ಅದೇ. ಟಾಮ್‌ಟಾಮ್ ಸಂಸ್ಥೆಯ 2023ರ ಸೂಚ್ಯಂಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಿತ್ತು. ಗಂಟೆಗೆ 21 ಕಿ.ಮೀ.ಗಿಂತ ಸ್ವಲ್ಪವೇ ಹೆಚ್ಚು.

ಶಕ್ತಿಯ ಲೆಕ್ಕ

ವಾದವನ್ನು ಲೆಕ್ಕಕ್ಕೆ ಇಳಿಸಲು ಒಂದು ಮಾದರಿ ಕಾರನ್ನು ಇಟ್ಟುಕೊಳ್ಳೋಣ. ಕೂತವರೂ ಸೇರಿ ತೂಕ 1000 ಕೆ.ಜಿ., 1.2 ಲೀಟರಿನ ಪೆಟ್ರೋಲ್ ಎಂಜಿನ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೂಲ್ ಶಕ್ತಿಯಿದೆ. ವೇಗ ಏರಿಸುವಾಗ ಅದರಲ್ಲಿ ಕಾಲು ಭಾಗ ಚಕ್ರಕ್ಕೆ ತಲುಪುತ್ತದೆ ಎಂದು ಹಿಡಿಯೋಣ. ಮಿಕ್ಕದ್ದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಶಾಖವಾಗಿ ಹೋಗುತ್ತದೆ. ಅದರ ಮೇಲೆ ಚಾಲಕರ ಹತೋಟಿ ಕಡಿಮೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಈ ಕಾರಿನ ಚಲನಶಕ್ತಿ ಸುಮಾರು 96 ಕಿಲೋಜೂಲ್. ಅದನ್ನು ಗಳಿಸಲು ಖರ್ಚಾದ ಪೆಟ್ರೋಲು 12 ಮಿ.ಲೀ. ಬ್ರೇಕ್ ಒತ್ತಿ ಕಾರನ್ನು ನಿಲ್ಲಿಸಿದರೆ ಆ 96 ಕಿಲೋಜೂಲ್ ಪೂರ್ತಿ ಬ್ರೇಕ್ ಡಿಸ್ಕು, ಡ್ರಮ್ಮುಗಳಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಅದೇ ಕಾರು ಟಾಪ್ ಗೇರಿನಲ್ಲಿ 50ರ ಸಮವೇಗದಲ್ಲಿ ಹೋಗುತ್ತಿದ್ದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ 40 ಮಿ.ಲೀ. ಸಾಕು. ಹಾಗಾದರೆ ಒಂದು ಪೂರ್ಣ ನಿಲುಗಡೆಯ ಬೆಲೆ 300 ಮೀಟರ್ ದಾರಿ. ಹತ್ತು ಕಿಲೋಮೀಟರ್ ದಾರಿಯಲ್ಲಿ 40ರ ವೇಗದಿಂದ ಇಪ್ಪತ್ತು ಸಲ ನಿಂತರೆ, ಸಲಕ್ಕೆ 8 ಮಿ.ಲೀ.ನಂತೆ 160 ಮಿ.ಲೀ. ನಿಲುಗಡೆಗಳಿಗೇ ಹೋಯಿತು. ದಾರಿಗೆ ಬೇಕಾದ 400 ಮಿ.ಲೀ.ಗೆ ಇದನ್ನು ಸೇರಿಸಿ ನೋಡಿದರೆ, ಅರ್ಧದಷ್ಟು ನಿಲುಗಡೆ ತಪ್ಪಿಸಬಲ್ಲ ಚಾಲಕರು ಒಟ್ಟು ಇಂಧನದಲ್ಲಿ ಶೇ. 14ರಷ್ಟು ಉಳಿಸುತ್ತಾರೆ. ಅಮೆರಿಕದವರು ಕೊಟ್ಟ ವ್ಯಾಪ್ತಿಯೊಳಗೇ ಇದು ಬೀಳುತ್ತದೆ. ಸಿಗ್ನಲ್ಲಿನಲ್ಲಿ ಸುಮ್ಮನೆ ಉರಿಯುವ ಪೆಟ್ರೋಲನ್ನು ಇದರಲ್ಲಿ ಸೇರಿಸಿಲ್ಲ.

ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನ್ನೋವಾ ಹೈಕ್ರಾಸ್ ಈ ವಾದಕ್ಕೆ ಬೇರೆ ದಿಕ್ಕಿನಿಂದ ಬಲ ಕೊಡುತ್ತದೆ. ಅದರ ಸಾದಾ ಪೆಟ್ರೋಲ್ ಮಾದರಿಗೆ ಪ್ರಮಾಣೀಕೃತ ಮೈಲೇಜ್ ಲೀಟರಿಗೆ 16.13 ಕಿ.ಮೀ., ಹೈಬ್ರಿಡ್ ಮಾದರಿಗೆ 23.24. ಹೈಬ್ರಿಡ್ಡಿನ ಎಂಜಿನ್ನೇ ಹೆಚ್ಚು ದಕ್ಷವಾದದ್ದು, ಅದರ ಪಾಲು ಇದರಲ್ಲಿದೆ. ಆದರೂ ಬ್ರೇಕ್ ಒತ್ತಿದಾಗ ಕಳೆದುಹೋಗಬೇಕಿದ್ದ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ತುಂಬಿಸಿಕೊಂಡು ಮತ್ತೆ ಚಕ್ರಕ್ಕೆ ಕೊಡುವುದು ಈ ಅಂತರಕ್ಕೆ ದೊಡ್ಡ ಕಾರಣ. ಬ್ಯಾಟರಿಯಿಲ್ಲದ ಕಾರಿನಲ್ಲಿ ಆ ಕೆಲಸವನ್ನು ಚಾಲಕರ ಕಣ್ಣು ಮಾಡಬೇಕು.

ಮಾಡುವುದು ಹೇಗೆ? ಮುಂದೆ ಕೆಂಪು ದೀಪ ಕಂಡಿದೆ. ಒಬ್ಬರು 50ರಲ್ಲೇ ಹೋಗಿ ಕೊನೆಯ 40 ಮೀಟರಿನಲ್ಲಿ ಬ್ರೇಕ್ ಹಾಕುತ್ತಾರೆ. ಇನ್ನೊಬ್ಬರು 200 ಮೀಟರ್ ಇರುವಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು, ಕಾರು ಗೇರಿನಲ್ಲೇ ಇರುವಂತೆ ಬಿಡುತ್ತಾರೆ. ಗಾಳಿ, ಟೈರು ಮತ್ತು ಎಂಜಿನ್ನಿನ ತಡೆಗೆ ಕಾರು ತಾನಾಗಿ 20ರ ಆಸುಪಾಸಿಗೆ ಇಳಿಯುತ್ತದೆ. ಎರಡನೆಯವರಿಗೆ ಆದ ತಡ ಐದು ಸೆಕೆಂಡು; ಉಳಿದ ಪೆಟ್ರೋಲು ಸುಮಾರು 6 ಮಿ.ಲೀ. ಅಷ್ಟರಲ್ಲಿ ಹಸಿರು ಬಂದರೆ ಸೊನ್ನೆಯಿಂದ ಹೊರಡುವ ಖರ್ಚೂ ತಪ್ಪಿತು. ಹಸಿರು ಬಾರದೇ ಇದ್ದರೂ ಮೊದಲನೆಯವರು ಗಳಿಸಿದ ಐದು ಸೆಕೆಂಡನ್ನು ಸಿಗ್ನಲ್ಲೇ ವಾಪಸ್ ಕಿತ್ತುಕೊಳ್ಳುತ್ತದೆ.

ಇದಕ್ಕೆ ಬೆಂಗಳೂರಿನ ಚಾಲಕರು ಎತ್ತುವ ಆಕ್ಷೇಪ ಗಟ್ಟಿಯಾದದ್ದೇ: ‘ಗ್ಯಾಪ್ ಬಿಟ್ಟರೆ ಆಟೋ ನುಗ್ಗುತ್ತೆ, ಬೈಕು ನುಗ್ಗುತ್ತೆ.’ ನುಗ್ಗುತ್ತವೆ, ನಿಜ. ಆದರೆ ಎರಡು ವಾಹನ ಮುಂದೆ ಸೇರಿಕೊಂಡರೆ ಆಗುವ ತಡ ಕೆಲವೇ ಸೆಕೆಂಡುಗಳದ್ದು. ಜಾಗ ಬಿಡದೆ ಅಂಟಿಕೊಂಡು ಹೋದರೆ ಮುಂದಿನವರು ಒತ್ತಿದ ಪ್ರತಿ ಬ್ರೇಕನ್ನೂ ನಾವೂ ಒತ್ತಬೇಕಾಗುತ್ತದೆ. ಬಂಪರಿಗೆ ಬಂಪರು ತಾಗುವಂಥ ದಟ್ಟಣೆಯಲ್ಲಿ ಮಾತ್ರ ಚಾಲಕರ ಜಾಣತನಕ್ಕೆ ಅವಕಾಶ ಬಹಳ ಕಡಿಮೆ. ಅಲ್ಲಿ ಹಾಫ್ ಕ್ಲಚ್ಚಿನಲ್ಲಿ ಕಾರು ತಡೆದು ಹಿಡಿಯದಿರುವುದು, ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಟೈಮರಿನಲ್ಲಿ ಕಂಡರೆ ಎಂಜಿನ್ ಆರಿಸುವುದು, ಇಷ್ಟೇ ಕೈಯಲ್ಲಿರುವುದು. ಸಣ್ಣ ಪೆಟ್ರೋಲ್ ಎಂಜಿನ್ ಸುಮ್ಮನೆ ನಿಂತಾಗ ಗಂಟೆಗೆ ಸುಮಾರು 0.7 ಲೀಟರ್ ಕುಡಿಯುತ್ತದೆ, ಎಸಿ ಇದ್ದರೆ ಇನ್ನೂ ಹೆಚ್ಚು. 90 ಸೆಕೆಂಡಿನ ಕೆಂಪು ದೀಪಕ್ಕೆ 17 ಮಿ.ಲೀ. ಆಯಿತು.

ನ್ಯೂಟ್ರಲ್ ಎಂಬ ಹಳೆಯ ರೂಢಿ

ಇಳಿಜಾರು ಬಂದ ಕೂಡಲೇ ಗೇರು ತೆಗೆದು ನ್ಯೂಟ್ರಲ್ ಮಾಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಶಿರಾಡಿ, ಆಗುಂಬೆ ಘಾಟಿ ಇಳಿಯುವವರಲ್ಲೂ ಇದನ್ನು ಕಾಣಬಹುದು. ಕಾರ್ಬ್ಯುರೇಟರ್ ಕಾಲದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಇದಕ್ಕೆ ಸ್ವಲ್ಪ ಅರ್ಥವಿತ್ತು. ಕಾಲು ತೆಗೆದರೂ ಎಂಜಿನ್ನಿನ ಸೆಳೆತಕ್ಕೆ ಪೆಟ್ರೋಲು ಹರಿಯುತ್ತಲೇ ಇರುತ್ತಿತ್ತು. ಇಂದಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಸಂಗತಿ ತಿರುಗುಮುರುಗು. ಕಾರು ಗೇರಿನಲ್ಲಿದ್ದು ಆಕ್ಸಿಲರೇಟರಿನ ಮೇಲೆ ಕಾಲಿಲ್ಲದಿದ್ದರೆ, ಎಂಜಿನ್ ಐಡ್ಲಿಂಗ್ ವೇಗದ ಹತ್ತಿರಕ್ಕೆ ಇಳಿಯುವ ತನಕ ಕಂಪ್ಯೂಟರು ಇಂಜೆಕ್ಟರನ್ನು ಪೂರ್ತಿ ಮುಚ್ಚಿಬಿಡುತ್ತದೆ. ಎಂಜಿನ್ನನ್ನು ತಿರುಗಿಸುವುದು ಚಕ್ರಗಳೇ. ನ್ಯೂಟ್ರಲ್ ಮಾಡಿದರೆ ಆ ಆಸರೆ ತಪ್ಪಿ, ಎಂಜಿನ್ ಆರದಂತೆ ಪೆಟ್ರೋಲು ಕೊಡಲೇಬೇಕಾಗುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಕಾರುಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. 50ರ ವೇಗದಲ್ಲಿ ಗೇರಿನಲ್ಲೇ ಕಾಲು ತೆಗೆದರೆ ಪಟ್ಟಿ ತುದಿಗೆ ಹಾರಿ ಅಲ್ಲೇ ನಿಲ್ಲುತ್ತದೆ, ಬಳಕೆ ಸೊನ್ನೆ. ಅದೇ ವೇಗದಲ್ಲಿ ನ್ಯೂಟ್ರಲ್ಲಿಗೆ ಹಾಕಿದಾಗ ಗಂಟೆಗೆ 0.7 ಲೀಟರಿನ ಐಡ್ಲಿಂಗ್ ಲೆಕ್ಕದಲ್ಲಿ ಅದು ಲೀಟರಿಗೆ 71 ಕಿ.ಮೀ. ಆಗುತ್ತದೆ. ಇಲ್ಲಿ ಒಂದು ತಾಂತ್ರಿಕ ವಿನಾಯಿತಿ ಇದೆ. ಉದ್ದನೆಯ ತೆಳು ಇಳಿಜಾರಿನಲ್ಲಿ ಎಂಜಿನ್ನಿನ ತಡೆ ಇಲ್ಲದ ಕಾರು ಹೆಚ್ಚು ದೂರ ಉರುಳುವುದರಿಂದ ಕೆಲವು ಹನಿ ಉಳಿಯಬಹುದು. ಘಾಟಿಯಲ್ಲಿ ಆ ಮಾತೇ ಬೇಡ. ಅಲ್ಲಿ ಹೇಗಿದ್ದರೂ ವೇಗ ತಡೆಯಬೇಕು. ಗೇರಿಲ್ಲದ ಕಾರಿನ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತು ರೂಪಾಯಿ ಪೆಟ್ರೋಲೂ ಉಳಿಯದ ರೂಢಿಗೆ ಜೀವ ಒಡ್ಡುವುದನ್ನು ಯಾವ ಲೆಕ್ಕವೂ ಸಮರ್ಥಿಸದು.

ಆಕ್ಸಿಲರೇಟರ್, ಗೇರು, ಹೆದ್ದಾರಿ

ಪೆಟ್ರೋಲ್ ಎಂಜಿನ್ ಅತಿ ಕಡಿಮೆ ಹೊರೆಯಲ್ಲಿ ದಕ್ಷವಾಗಿ ಕೆಲಸ ಮಾಡುವುದಿಲ್ಲ. ಅರ್ಧ ಮುಚ್ಚಿದ ಥ್ರಾಟಲಿನ ಮೂಲಕ ಗಾಳಿ ಎಳೆದುಕೊಳ್ಳುವುದಕ್ಕೇ ಅದರ ಶಕ್ತಿ ವ್ಯಯವಾಗುತ್ತದೆ. ಅನುಕೂಲದ ಸ್ಥಿತಿಯಲ್ಲಿ ಶೇ. 35ರ ಹತ್ತಿರ ಇರುವ ದಕ್ಷತೆ ಆಗ ಅರ್ಧಕ್ಕೂ ಕೆಳಗೆ ಬರುತ್ತದೆ. ಹಾಗಾಗಿ ಎರಡನೇ ಗೇರಿನಲ್ಲಿ ಎಂಜಿನ್ ಕೂಗಿಸುತ್ತಾ ಮೆಲ್ಲಗೆ ವೇಗ ಏರಿಸುವವರಿಗಿಂತ, ತಕ್ಕಷ್ಟು ಒತ್ತಿ ಬೇಗ ಮೇಲಿನ ಗೇರಿಗೆ ಹೋಗುವವರಿಗೆ ಮೈಲೇಜ್ ಚೆನ್ನಾಗಿ ಬರುತ್ತದೆ. ನೆದರ್ಲೆಂಡ್ಸಿನ ‘ಹೊಸ ಚಾಲನೆ’ ಅಭಿಯಾನ ನಿಮಿಷಕ್ಕೆ 2000ದಿಂದ 2500 ಸುತ್ತಿನೊಳಗೆ ಗೇರು ಏರಿಸಲು ಹೇಳುತ್ತದೆ. ಎಂಜಿನ್ ನಾಕ್ ಹೊಡೆಯುವಷ್ಟು ಮೇಲಿನ ಗೇರು ಬೇಡ ಎಂಬ ನಮ್ಮ ಚಾಲಕರ ಎಚ್ಚರಿಕೆಯನ್ನೂ ಇದರ ಜೊತೆ ಇಟ್ಟುಕೊಳ್ಳಬೇಕು.

ಹೆದ್ದಾರಿಯಲ್ಲಿ ಮಾತ್ರ ವೇಗವೇ ಮುಖ್ಯ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನಮ್ಮ ಮಾದರಿ ಕಾರಿನಲ್ಲಿ 60ರ ಆಸುಪಾಸಿನಲ್ಲಿ ಗಾಳಿಯ ತಡೆಯೂ ಟೈರಿನ ತಡೆಯೂ ಸಮ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಶೇ. 56 ಹೆಚ್ಚುತ್ತದೆ. ಎಂಜಿನ್ನಿನ ದಕ್ಷತೆ ತುಸು ಸುಧಾರಿಸುವುದನ್ನು ಕಳೆದರೂ ಇಂಧನ ಐದನೇ ಒಂದು ಭಾಗದಷ್ಟು ಜಾಸ್ತಿ ಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಸುಮಾರು 118 ಕಿ.ಮೀ.ಯನ್ನು 100ರಲ್ಲಿ ಸಾಗಿದವರು 80ರಲ್ಲಿ ಹೋದವರಿಗಿಂತ 18 ನಿಮಿಷ ಮುಂಚೆ ತಲುಪುತ್ತಾರೆ, ಒಂದು ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲು ಕೊಟ್ಟು. ಟೈರಿನ ಗಾಳಿ, ಡಿಕ್ಕಿಯ ಭಾರಗಳ ಪರಿಣಾಮ ಶೇ. 1ರ ಮಟ್ಟದ್ದು, ಅವನ್ನು ನೋಡಿಕೊಳ್ಳಬೇಕು, ಆದರೆ ಅಲ್ಲಿಗೇ ನಿಂತರೆ ಪ್ರಯೋಜನವಿಲ್ಲ.

ರೂಢಿ ಬದಲಾಗುತ್ತದೆಯೇ?

ಬೆಲ್ಜಿಯಮ್ಮಿನಲ್ಲಿ ಕಾರಿನೊಳಗೆ ಉಪಕರಣ ಇಟ್ಟು ನಡೆಸಿದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಧನ ಮಿತವ್ಯಯದ ತರಬೇತಿ ಪಡೆದ ನಾಲ್ಕು ತಿಂಗಳ ನಂತರ ಸರಾಸರಿ ಬಳಕೆ ಶೇ. 5.8ರಷ್ಟು ತಗ್ಗಿತ್ತು. ಭಾಗವಹಿಸಿದ ಚಾಲಕರು ಹತ್ತೇ ಮಂದಿ. ಅವರಲ್ಲೂ ಕೆಲವರು ಹಳೆಯ ಚಾಳಿಗೆ ಮರಳಿದ್ದರು. ಹೇಳಿಕೊಟ್ಟದ್ದು ಉಳಿಯಬೇಕಾದರೆ ಲೆಕ್ಕ ಕಣ್ಣ ಮುಂದಿರಬೇಕು ಎಂಬುದು ಇದರಿಂದ ನಾನು ತೆಗೆಯುವ ತೀರ್ಮಾನ. ಸಾರಿಗೆ ನಿಗಮಗಳ ಡಿಪೋಗಳಲ್ಲಿ ಬಸ್ಸುಗಳ ‘ಕೆಎಂಪಿಎಲ್’ ಬರೆದಿಡುವ ಪದ್ಧತಿ ಬಹಳ ಹಳೆಯದು. ಸ್ವಂತ ಕಾರಿನವರಿಗೆ ಅಂಥ ಪುಸ್ತಕವಿಲ್ಲ.

ಚಾಲಕರ ಕೈಮೀರಿದ ಒಂದು ಅಂಶವನ್ನು ಹೇಳದಿದ್ದರೆ ಚರ್ಚೆ ಅಪೂರ್ಣ. ಅದು ಹಂಪ್ಸ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99 ಮಾರ್ಗಸೂಚಿಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು, 25ರ ವೇಗದಲ್ಲಿ ದಾಟುವಂತೆ ರೂಪಿಸಿದ್ದು. ನಮ್ಮ ಬಡಾವಣೆಗಳಲ್ಲಿ, ಹಳ್ಳಿಗಳ ತಲೆಬಾಗಿಲಲ್ಲಿ ರಾತ್ರೋರಾತ್ರಿ ಏಳುವ ಕಡಿದಾದ ದಿಬ್ಬಗಳನ್ನು 10ಕ್ಕೆ ಇಳಿಯದೆ ದಾಟಲಾಗದು. ಈ ವ್ಯತ್ಯಾಸವೊಂದಕ್ಕೇ ಪ್ರತಿ ಕಾರಿನ ನಷ್ಟ ಎರಡೂವರೆ ಮಿ.ಲೀ. ದಿನಕ್ಕೆ ಹತ್ತು ಸಾವಿರ ಕಾರು ಓಡಾಡುವ ರಸ್ತೆಯಲ್ಲಿ ಒಂದೇ ಹಂಪ್ ದಿನಕ್ಕೆ 25 ಲೀಟರ್ ಪೆಟ್ರೋಲು ನುಂಗುತ್ತದೆ; ಲೀಟರಿಗೆ 2.3 ಕೆ.ಜಿ.ಯಂತೆ 57 ಕೆ.ಜಿ. ಇಂಗಾಲದ ಡೈಆಕ್ಸೈಡು ಅದೇ ಬೀದಿಯ ಗಾಳಿಗೆ ಸೇರುತ್ತದೆ. ಮಕ್ಕಳು ರಸ್ತೆ ದಾಟುವ ಕಡೆ ಹಂಪ್ ಇರಲೇಬೇಕು. ಅಳತೆಯಂತೆ ಇರಲಿ ಎಂಬುದಷ್ಟೇ ಕೋರಿಕೆ.

ಆರ್‌ಟಿಒ ಪರೀಕ್ಷೆಯಲ್ಲಿ ಎಂಟು ಹಾಕುವುದನ್ನು, ರಿವರ್ಸ್ ತೆಗೆಯುವುದನ್ನು, ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಹೊರಡುವುದನ್ನು ನೋಡುತ್ತಾರೆ. ಇದರ ಜೊತೆಗೆ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ, ಅಭ್ಯರ್ಥಿ ಎಷ್ಟು ಸಲ ಗಕ್ಕನೆ ಬ್ರೇಕ್ ಒತ್ತಿದರು ಎಂಬುದಕ್ಕೂ ಅಂಕ ಕೊಡಬೇಕೆಂದು ಸಾರಿಗೆ ಇಲಾಖೆಯನ್ನು ಒತ್ತಾಯಿಸಬೇಕಾಗಿದೆ. ಮುಂದೆ ನೋಡಿ ಓಡಿಸುವ ರೂಢಿ ಮೊದಲ ಲೈಸೆನ್ಸಿನ ದಿನವೇ ಹತ್ತಬೇಕು. ಹಂಪ್‌ಗಳ ವಿಷಯದಲ್ಲಿ ಹೊಸ ಸಂಶೋಧನೆಯನ್ನೂ ಕಾಯಬೇಕಿಲ್ಲ. ಅಳತೆ 1988ರಲ್ಲೇ ಪ್ರಕಟವಾಗಿದೆ.