ಬೀದರ ನಾಡಿನ ನೀರು ಮತ್ತು ಈಜು

ನೀರಾಟವು ಬೀದರ ಸೀಮೆಗೆ ಹೊಸತಲ್ಲ. ಈ ಸೀಮೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಅರಸನ ಕ್ರೀಡೆಗಳ ನಡುವೆ ಜಲಕ್ರೀಡೆಯನ್ನೂ ವರ್ಣಿಸಿದೆ.

15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ತಂದರು. ಜಂಬಿಟ್ಟಿಗೆಯ ಆ ಎತ್ತರದ ನೆಲದಲ್ಲಿ ಆಟಕ್ಕಿಂತ ಮೊದಲು ದಾಹದ ಚಿಂತೆ. ಪಾರಸೀಕ ಪದ್ಧತಿಯಂತೆ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ಹರಿಸಿದರು. ಅದು ಕುಡಿಯುವ ನೀರು, ಈಜುವ ನೀರಲ್ಲ. ತೆರೆದ ಹರಿವನ್ನು ಕಾಣಬೇಕಾದರೆ ಭಾಲ್ಕಿ, ಔರಾದಗಳ ಕಡೆ ಮಾಂಜ್ರಾ ನದಿಗೆ ಇಳಿಯಬೇಕು. ಈಗ ಭಾಲ್ಕಿ ತಾಲೂಕಿನಲ್ಲಿ ಕಾರಂಜಾ ಜಲಾಶಯವೂ ಇದೆ.

ಈಜಿನಲ್ಲಿ ತೋಳು, ತೊಡೆ, ಎದೆಗಳು ಒಟ್ಟಿಗೆ ದುಡಿಯುತ್ತವೆ; ನೀರೇ ಮೈಭಾರವನ್ನು ಹೊರುವುದರಿಂದ ಕೀಲುಗಳಿಗೆ ಆಯಾಸವು ಕಡಿಮೆ; ಉಸಿರು ಹದಗೊಳ್ಳುತ್ತದೆ. ಇಂಥ ವ್ಯಾಯಾಮವನ್ನು ನಾವು ಭಯದಿಂದಲೇ ದೂರವಿಟ್ಟಿದ್ದೇವೆ. ಮಗುವನ್ನು "ಬಾವಿಯ ಹತ್ತಿರ ಹೋಗಬೇಡ" ಎಂದು ಗದರಿಸಿ ಸುಮ್ಮನಾಗುತ್ತೇವೆ. ಆದರೆ ಕಾಲು ಜಾರಿದ ಗಳಿಗೆಯಲ್ಲಿ ಗದರಿಕೆಯು ಕಾಯುವುದಿಲ್ಲ, ಕಲಿತ ಈಜು ಕಾಯುತ್ತದೆ. ನಡುವಿಗೆ ಬೆಂಡು ಕಟ್ಟಿ, ಬಲ್ಲ ಹಿರಿಯರು ಜೊತೆಯಲ್ಲಿ ನಿಂತು, ನಿಂತ ನೀರಿನಲ್ಲಿ ಕಲಿಸುವುದು ನಮ್ಮ ಹಳ್ಳಿಗಳು ಬಲ್ಲ ವಿದ್ಯೆ. ಅದನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ನಮ್ಮ ಮಕ್ಕಳಿಗೆ ದೊರಕಿಸೋಣ.