ನಮ್ಮ ನೆಲದಲ್ಲಿಲ್ಲದ ಕಲ್ಲಿದ್ದಲು

ಯಶವಂತಪುರದ ಹಳಿಗಳ ಮೇಲೆ ಉಗಿಬಂಡಿಗಳು ಓಡುತ್ತಿದ್ದ ಕಾಲವನ್ನು ನಿಮ್ಮಲ್ಲಿ ಹಿರಿಯರು ಕಂಡಿರಬಹುದು. ಅವುಗಳ ಒಡಲಲ್ಲಿ ಉರಿದ ಕಲ್ಲಿದ್ದಲು ನಮ್ಮ ನೆಲದ್ದಲ್ಲ, ಹೊರನಾಡಿನ ಗಣಿಗಳದು.

ಸಂಸ್ಕೃತದ ‘ಅಂಗಾರ’ವೇ ಕನ್ನಡದ ‘ಇಂಗಾಲ’. ಕಲ್ಲಿದ್ದಲಿನ ಸತ್ತ್ವ ಅದೇ. ಕೋಟ್ಯಂತರ ವರ್ಷಗಳ ಹಿಂದೆ ಜೌಗಿನಲ್ಲಿ ಹೂತುಹೋದ ಗಿಡಮರಗಳು ಮಣ್ಣಿನ ಭಾರಕ್ಕೂ ಭೂಗರ್ಭದ ಕಾವಿಗೂ ಸಿಕ್ಕಿ ಕರಿಯ ಕಲ್ಲಾದುವು. ಗಾಳಿಯಾಡದಂತೆ ಕಾಸಿದರೆ ಅದು ಕೋಕ್ ಆಗಿ, ಕುಲುಮೆಯಲ್ಲಿ ಅದಿರಿನಿಂದ ಕಬ್ಬಿಣವನ್ನು ಬಿಡಿಸುತ್ತದೆ.

ಈ ನಿಧಿ ನಮಗೆ ದಕ್ಕಲಿಲ್ಲ. ಮೈಸೂರು ಸಂಸ್ಥಾನವು ನೀರಿನತ್ತ ನೋಡಿತು: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕಬ್ಬಿಣಕ್ಕೆ ಮಾತ್ರ ಇಂಗಾಲವೇ ಬೇಕಷ್ಟೆ? 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿದ್ದು ಮಲೆನಾಡಿನ ಮರಗಳನ್ನು ಸುಟ್ಟು ಮಾಡಿದ ಇದ್ದಲಿನಿಂದ. ಕಬ್ಬಿಣ ಬಂದಿತು, ಕಾಡು ಸವೆಯಿತು.

ಮಳೆ ಕೈಕೊಟ್ಟ ವರ್ಷ ನೀರಿನ ವಿದ್ಯುತ್ತೂ ಸಾಲದು. ಆದುದರಿಂದಲೇ 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಆರಂಭವಾಯಿತು. ಅದರ ಕಲ್ಲಿದ್ದಲೂ ಹೊರಗಿನಿಂದ ರೈಲಿನಲ್ಲೇ ಬರಬೇಕು. 1990ರ ದಶಕದಲ್ಲಿ ನಮ್ಮ ಯಲಹಂಕದಲ್ಲಿ ಡೀಸೆಲ್ ವಿದ್ಯುದಾಗಾರವೂ ಎದ್ದಿತು.

ದೀಪದ ಗುಂಡಿಯನ್ನೊತ್ತುವುದು ಸುಲಭ. ಅದರ ಹಿಂದೆ ಹೊಳೆಯೊಂದು, ಕಾಡೊಂದು, ಇಲ್ಲವೇ ಪರನಾಡಿನ ಗಣಿಯೊಂದು ತೆತ್ತ ಬೆಲೆಯುಂಟು. ಅದನ್ನು ಬಲ್ಲವರು ಬರಿಯ ಕೋಣೆಯಲ್ಲಿ ದೀಪವುರಿಸಿ ಬಿಡಲಾರರು.