ಸೀಟು ಯಾರದು, ದುಡ್ಡು ಯಾರದು

1916ರ ತನಕ ಕನ್ನಡ ನಾಡಿನಲ್ಲಿ ಕಾಲೇಜುಗಳಿದ್ದವು, ವಿಶ್ವವಿದ್ಯಾನಿಲಯ ಮಾತ್ರ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹುಡುಗರು ಮದ್ರಾಸ್ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರುತ್ತಿದ್ದರು. ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಮಂಗಳೂರಿನಲ್ಲಿ ತೆರೆದ ಸೇಂಟ್ ಅಲೋಶಿಯಸ್‌ಗೂ ಮದ್ರಾಸೇ ಗತಿ. 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಮರುವರ್ಷವೇ ದಿವಾನ ವಿಶ್ವೇಶ್ವರಯ್ಯನವರ ಹಟದಿಂದ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಖರ್ಚು ಮೈಸೂರು ಸಂಸ್ಥಾನದ ಬೊಕ್ಕಸದ್ದು.

ಬ್ರಿಟಿಷರ ಆಳ್ವಿಕೆಯ ಮುಂಬಯಿ ಕರ್ನಾಟಕಕ್ಕೆ ಮೈಸೂರಿನಂತೆ ಮಹಾರಾಜರಿರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಸರ್ಕಾರಿ ಕಾಲೇಜಾಗಿ ಶುರುವಾದರೂ ಅದಕ್ಕಾಗಿ ಅರಟಾಳ ರುದ್ರಗೌಡರಂಥವರು ಊರೂರು ಸುತ್ತಿ ವಂತಿಗೆ ಎತ್ತಬೇಕಾಯಿತು. ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ 1916ರಲ್ಲಿ ಕಟ್ಟಿದ ಕೆಎಲ್ಇ ಸಂಸ್ಥೆ 1933ರಲ್ಲಿ ಲಿಂಗರಾಜ ಕಾಲೇಜನ್ನು ತೆರೆಯಿತು. ಇಂಥ ಸಂಸ್ಥೆಗಳ ಇಂದಿನ ಅನುದಾನಿತ ಕಾಲೇಜುಗಳಲ್ಲಿ ಕಟ್ಟಡ, ಆಡಳಿತ ಸಂಸ್ಥೆಯದು. ಮೇಷ್ಟರ ಸಂಬಳ ಸರ್ಕಾರದ್ದು. ಸೂತ್ರ ಇಷ್ಟೇ.

ಆಟದ ನಿಯಮ ಬದಲಾದದ್ದು ಮಣಿಪಾಲದಲ್ಲಿ. ದಕ್ಷಿಣ ಕನ್ನಡ ಇನ್ನೂ ಮದ್ರಾಸ್ ರಾಜ್ಯದಲ್ಲಿದ್ದಾಗ, 1953ರಲ್ಲಿ, ಡಾ. ಟಿ.ಎಂ.ಎ. ಪೈ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. ಸರ್ಕಾರದ ಹಣವಿಲ್ಲ, ಮಠದ ಜಮೀನಿಲ್ಲ. ವಿದ್ಯಾರ್ಥಿಗಳ ಮನೆಯವರು ಕೊಟ್ಟ ದುಡ್ಡೇ ಬಂಡವಾಳ. ರೋಗಿಗಳ ಮೇಲಿನ ಕಲಿಕೆಗೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಿತ್ತು. ಜಾಣ ಲೆಕ್ಕಾಚಾರ ಎನ್ನದೆ ವಿಧಿಯಿಲ್ಲ. ಸರ್ಕಾರಕ್ಕೆ ಹೆಚ್ಚಿನ ಹೊರೆಯಿಲ್ಲದೆ ಡಾಕ್ಟರುಗಳು ತಯಾರಾದರು, ಗುಡ್ಡದ ಮೇಲೊಂದು ಪಟ್ಟಣವೇ ಎದ್ದಿತು. ಆದರೆ ಆ ಮಾದರಿಯನ್ನು ಹಿಡಿದು ಹೊರಟ ಎಲ್ಲರಲ್ಲೂ ಪೈಗಳ ಕಸುವು ಇರಲಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಜಿಲ್ಲೆಗೊಂದರಂತೆ ಎಂಜಿನಿಯರಿಂಗ್ ಕಾಲೇಜುಗಳು ತಲೆಯೆತ್ತಿದವು. ಉತ್ತರ ಭಾರತದ ಹುಡುಗರು ಡೊನೇಷನ್ ಹಣದೊಂದಿಗೆ ರೈಲಿಳಿಯತೊಡಗಿದರು.

1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್, ಅಂದರೆ ಸೀಟಿಗಾಗಿ ಪಡೆಯುವ ಡೊನೇಷನ್, ನಿಷೇಧದ ಕಾನೂನು ತಂದಿತು. ತಮಾಷೆಯೆಂದರೆ, ಅದೇ ಕಾನೂನಿನಡಿ ಹೊರಟ ಅಧಿಸೂಚನೆ ಖಾಸಗಿ ಮೆಡಿಕಲ್ ಕಾಲೇಜಿಗೆ ಮೂರು ದರ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ಮೀರತ್‌ನ ಮೋಹಿನಿ ಜೈನ್ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 1992ರಲ್ಲಿ ಕೋರ್ಟು ಅದನ್ನು ಕ್ಯಾಪಿಟೇಷನ್ ಎಂದೇ ಕರೆದು ರದ್ದುಮಾಡಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಅರ್ಧ ಸೀಟು ಸರ್ಕಾರಿ ಕಾಲೇಜಿನ ಶುಲ್ಕಕ್ಕೆ, ಅರ್ಧ ಹೆಚ್ಚಿನ ಶುಲ್ಕದ ಪೇಮೆಂಟ್‌ಗೆ ಎಂದು ಪಾಲು ಹಂಚಿತು. ಆ ಹಂಚಿಕೆಯನ್ನು ನಡೆಸಲು 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಬಂತು. ರೈತರ ಮಗಳು ರ‍್ಯಾಂಕ್ ಹಿಡಿದು ಕೌನ್ಸೆಲಿಂಗ್‌ಗೆ ಬಂದು ಯಾರ ಶಿಫಾರಸೂ ಇಲ್ಲದೆ ಖಾಸಗಿ ಕಾಲೇಜಿನ ಸೀಟು ಆರಿಸಿಕೊಳ್ಳಬಹುದಾದ ಕಾಲವದು.

2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಹಂಚಿಕೆಯ ಯೋಜನೆಯನ್ನು ಕೈಬಿಟ್ಟು, ಅನುದಾನ ಪಡೆಯದ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಆ ಪ್ರಕರಣದ ಹೆಸರು ಟಿ.ಎಂ.ಎ. ಪೈ ಫೌಂಡೇಷನ್. ಖಾಸಗಿ ಕಾಲೇಜುಗಳು ಒಕ್ಕೂಟ ಕಟ್ಟಿಕೊಂಡು ಕಾಮೆಡ್-ಕೆ ಎಂಬ ತಮ್ಮದೇ ಪ್ರವೇಶ ಪರೀಕ್ಷೆ ಶುರುಮಾಡಿದವು. ಸುರತ್ಕಲ್‌ನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು (ಕೆಆರ್‌ಇಸಿ) ಅದೇ 2002ರಲ್ಲಿ ಎನ್‌ಐಟಿಯಾಗಿ ಕೇಂದ್ರದ ತೆಕ್ಕೆಗೆ ಸೇರಿತ್ತು. ಅಲ್ಲಿಗೆ ಹೋಗಲು ಬೇರೆಯದೇ ಪರೀಕ್ಷೆ.